ರೇಸು ರಸ್ತೆಯ ಆಚೆಗಿದ್ದ ಗಂಜಿ

ನನ್ನ ದೊಡ್ಡಮ್ಮ ಸೂರ್ಯ ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕಿದವರಲ್ಲ. ನೀರೂ ಇಲ್ಲ. ಜೈನರ ಮನೆಗಳಲ್ಲಿ ಇದು ಹೊಸದೇನಲ್ಲ. ನಾನೂ ಅದೇ ಮನೆತನದವಳು, ಆದರೆ ರಾತ್ರಿ ಒಂಬತ್ತಕ್ಕೆ ಟೀವಿ ಎದುರು ತಟ್ಟೆ ಹಿಡಿದು ಕೂರುವ ಜಾತಿ. ಅವರ ವ್ರತ ಅವರದ್ದು ಎಂದು ಸುಮ್ಮನಿರಬಹುದಿತ್ತು. ಆದರೆ ಅವರು ಎಲ್ಲಿಗೆ ಹೊರಟರೂ ಜೊತೆಗೆ ಹೋಗಬೇಕಾದವಳು ನಾನು. ಹಾಗಾಗಿ ವ್ರತ ಅವರದ್ದು, ಓಟ ನನ್ನದು. ಒಮ್ಮೆ ಬೆಳ್ತಂಗಡಿಯಲ್ಲಿ ಒಂದು ಆರತಕ್ಷತೆಗೆ ಹೋದಾಗ, ಮದುಮಗಳು ಇನ್ನೂ ಬ್ಯೂಟಿ ಪಾರ್ಲರಿನಲ್ಲಿರುವಾಗಲೇ ನಾನು ಅಡುಗೆಯವರ ಕೈಕಾಲು ಹಿಡಿದು ಇವರಿಗೊಂದು ಎಲೆ ಹಾಕಿಸಿದ್ದೆ. ಮದುಮಕ್ಕಳು ವೇದಿಕೆ ಹತ್ತುವ ಹೊತ್ತಿಗೆ ನಾವು ಉಡುಗೊರೆಯನ್ನು ಬಾಗಿಲಲ್ಲಿದ್ದ ಯಾರದೋ ಕೈಗೆ ಕೊಟ್ಟು ವಾಪಸು ಬಸ್ಸಿನಲ್ಲಿ ಕೂತಿದ್ದೆವು. ಆ ಯಾರೋ ಯಾರು ಎಂದು ಇವತ್ತಿಗೂ ಗೊತ್ತಿಲ್ಲ.

ಸೂರ್ಯ ಮುಳುಗಿದ್ದು ಯಾವಾಗ ಎಂದು ತಿಳಿಯಲು ದೊಡ್ಡಮ್ಮನಿಗೆ ಪಂಚಾಂಗ ಬೇಡ, ಮೊಬೈಲೂ ಬೇಡ. ದೀಪ ಹಾಕದೆ, ಊಟಕ್ಕೆ ಕೂತಲ್ಲೇ ಅಂಗೈ ಬಿಡಿಸಿ ನೋಡುತ್ತಾರೆ. ಗೆರೆ ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಇದು ಅವರ ಅಜ್ಜಿಯಿಂದ ಬಂದ ಲೆಕ್ಕ. ಹೋದ ವರ್ಷ ಅವರು ಕಣ್ಣಿನ ಪೊರೆ ತೆಗೆಸಿಕೊಂಡರು. ಅಂದಿನಿಂದ ಗೆರೆಗಳು ಹೆಚ್ಚು ಹೊತ್ತು ಕಾಣತೊಡಗಿ ಅವರ ಹಗಲೇ ಉದ್ದವಾಯಿತು. ಆಪರೇಷನ್ ಮಾಡಿದ ಡಾಕ್ಟರರಿಗೆ ಅದರ ಪುಣ್ಯವೆಲ್ಲ ಬರಲಿ ಎಂದು ದಿನಾ ಬಸದಿಯಲ್ಲಿ ಬೇಡಿಕೊಳ್ಳುತ್ತಾರೆ. ದೊಡ್ಡಪ್ಪನಿಗೂ ಪೊರೆ ಉಂಟು. ಅವರು ಮಾತ್ರ "ಮುಂದಿನ ತಿಂಗಳು ಮಾಡಿಸುವ" ಎನ್ನುತ್ತಲೇ ಇದ್ದಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತರೂ ಅವರಿಗೆ ಅಂಗೈ ಗೆರೆ ಕಾಣುವುದಿಲ್ಲ. ಆ ಲೆಕ್ಕದಲ್ಲಿ ಅವರಿಗೆ ಸದಾ ರಾತ್ರಿಯೇ. ಪಾಪ, ದೊಡ್ಡಮ್ಮನ ಅಂಗೈಯನ್ನು ನಂಬಿ ಉಣ್ಣುತ್ತಾರೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ತುತ್ತು ಎತ್ತದೆ ಅವರು ಎತ್ತುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯೂ ಹಾಗೆಯೇ, ದೊಡ್ಡಮ್ಮ ಎದುರಿದ್ದರೆ ಮಾತ್ರ ಗಂಟಲಿಗಿಳಿಯುತ್ತದೆ.

ಇಂಥ ಮನೆಯ ಎದುರಿನ ರಸ್ತೆಯಲ್ಲಿ ಒಂದು ಭಾನುವಾರ ಕಾರ್ ರೇಸು ಬಂತು.

ಕಾಲೇಜು ಮಕ್ಕಳು ತಾವೇ ಕಟ್ಟಿದ ಕರೆಂಟಿನ ಕಾರುಗಳ ರೇಸು. ಮೂಡುಬಿದಿರೆಯ ಪೇಟೆ ರಸ್ತೆಗಳನ್ನೇ ಒಂದು ದಿನದ ಮಟ್ಟಿಗೆ ಮುಚ್ಚಿ ಓಡಿಸುವುದಂತೆ. ದೊಡ್ಡಮ್ಮನ ಮೊಮ್ಮಗಳು ಮಿಜಾರಿನ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವಳು. ಅಪ್ಪ ಅಮ್ಮ ವರ್ಗಾವಣೆಯ ಕೆಲಸದಲ್ಲಿ ಊರೂರು ತಿರುಗುವವರಾದ್ದರಿಂದ ಅವಳು ಬಾಲವಾಡಿಯಿಂದಲೂ ಇದೇ ಮನೆಯಲ್ಲಿ ಬೆಳೆದವಳು. ಅವಳೂ ಗೆಳತಿಯರೂ ಸೇರಿ ಒಂದು ಕಾರು ಕಟ್ಟಿದ್ದರು, ಓಡಿಸುವವಳು ಅವಳು. ಆ ಕಾರನ್ನು ನಾನು ಮೊದಲು ನೋಡಿದಾಗ ಯಾರೋ ಗೋದ್ರೇಜ್ ಕಪಾಟನ್ನು ಅಂಗಾತ ಮಲಗಿಸಿ ಹಳದಿ ಬಣ್ಣ ಬಳಿದಿದ್ದಾರೆ ಎಂದುಕೊಂಡೆ. ಅವಳೆದುರು ಹಾಗೆ ಹೇಳಲಿಲ್ಲ. ಹೇಳಿದ್ದು ದೊಡ್ಡಮ್ಮ.

"ಕಪಾಟಿನ ಹಾಗೆ ಉಂಟು ಮಾರಾಯ್ತಿ. ಆದರೆ ಒಳ್ಳೆ ಕಪಾಟು."

ಪ್ರೇಕ್ಷಕರಿಗೆ ಕುರ್ಚಿ, ಶಾಮಿಯಾನ ಎಲ್ಲ ರಸ್ತೆಯ ಆಚೆ ಬದಿಯಲ್ಲಿ, ಒಂದು ಬಟ್ಟೆ ಅಂಗಡಿಯ ಎದುರು ಹಾಕಿದ್ದರು. ಮನೆ ಈಚೆ ಬದಿ. ರೇಸಿನ ರಸ್ತೆ ನಮ್ಮ ಮನೆ ಇರುವ ಓಣಿಯನ್ನು ಸುತ್ತಿಕೊಂಡು ಮತ್ತೆ ಅಲ್ಲಿಗೇ ಬರುತ್ತಿತ್ತು, ಅದನ್ನು ದಾಟದೆ ಮನೆಗೆ ಬೇರೆ ದಾರಿ ಇರಲಿಲ್ಲ. ಓಡಿಸುವವರ ಹೆತ್ತವರಿಗೆ ಮುಂದಿನ ಸಾಲಿನ ಪಾಸು ಇತ್ತು. ಅವಳ ಅಪ್ಪ ಅಮ್ಮ ಬರಲಾಗದೆ ಆ ಪಾಸು ದೊಡ್ಡಮ್ಮನಿಗೂ ನನಗೂ ಬಂತು. ನಾನು ನರಿಕೊಂಬಿನಿಂದ ಎರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಮುಟ್ಟಿದೆ. ದೊಡ್ಡಪ್ಪ "ಕಣ್ಣು ಕಾಣದವನಿಗೆ ಮುಂದಿನ ಸಾಲು ಯಾಕೆ, ನಾನು ಗೇಟಿನಿಂದಲೇ ನೋಡ್ತೇನೆ" ಎಂದು ಉಳಿದರು.

ಹೊರಡುವಾಗ ನಾನು ಅಭ್ಯಾಸದಂತೆ ಕೇಳಿದೆ, "ದೊಡ್ಡಮ್ಮ, ಕ್ಯಾರಿಯರು?" ಮಂಗಳೂರಿಗೆ ಹೋಗುವುದಿರಲಿ, ಪಕ್ಕದ ತೋಡಾರಿನ ನೆಂಟರ ಮನೆಗೆ ಹೋದರೂ ಆ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರನ್ನು ಅವರು ಬಿಟ್ಟವರಲ್ಲ.

"ರಸ್ತೆ ದಾಟಿದರೆ ಮನೆ. ಅದಕ್ಕೆಂತ ಕ್ಯಾರಿಯರು? ಜನ ನಗ್ತಾರೆ" ಎಂದರು.

ಜನ್ಮದಲ್ಲಿ ಒಮ್ಮೆ ಜನ ನಗುವ ಬಗ್ಗೆ ಯೋಚಿಸಿದ್ದು. ಅದೇ ದಿನ ಆಗಬೇಕಿತ್ತೇ!

ರೇಸು ಮೂರು ಗಂಟೆಗೆ ಎಂದು ಹೇಳಿದ್ದರು. ಮೂರಕ್ಕೆ ಸರಿಯಾಗಿ ಸಭಾ ಕಾರ್ಯಕ್ರಮ ಶುರುವಾಯಿತು. ನಮ್ಮ ಜಿಲ್ಲೆಯಲ್ಲಿ ಸಭಾ ಕಾರ್ಯಕ್ರಮ ಇಲ್ಲದೆ ಒಂದು ಕೋಳಿಗೂಡೂ ಉದ್ಘಾಟನೆ ಆಗುವುದಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಗಾಳಿಗೆ ದೀಪ ಆರಿದ ಮೇಲೆ ಇನ್ನೊಮ್ಮೆ ಬೆಳಗುವುದು. ವೇದಿಕೆಯಲ್ಲಿದ್ದವರ ಸಂಖ್ಯೆ ಎದುರಿಗೆ ಕೂತವರಿಗಿಂತ ಹೆಚ್ಚಿತ್ತು. ಎಲ್ಲರಿಗೂ ಶಾಲು, ಎಲ್ಲರಿಗೂ ಹಣ್ಣಿನ ಬುಟ್ಟಿ. ಒಬ್ಬ ಅತಿಥಿಗಳು ಪೆಟ್ರೋಲಿನ ಮಾಲಿನ್ಯವನ್ನು ಬೈದು, ಕರೆಂಟಿನ ಕಾರುಗಳ ನಿಶ್ಶಬ್ದವನ್ನು ಹೊಗಳಿ ಬಹಳ ಹೊತ್ತು ಮಾತಾಡಿದರು. ಅವರ ಡೀಸೆಲ್ ಗಾಡಿ ಎಸಿ ಹಾಕಿಕೊಂಡು ಶಾಮಿಯಾನದ ಹಿಂದೆ ಅಷ್ಟೂ ಹೊತ್ತು ಗುರ್ರೆನ್ನುತ್ತಾ ನಿಂತಿತ್ತು.

ನಾನು ಆಗಲೇ ಕಿವಿಯಲ್ಲಿ ಹೇಳಿದೆ, "ದೊಡ್ಡಮ್ಮ, ಈಗ ದಾಟಿ ಊಟ ಮಾಡಿ ಬರುವ."

"ಭಾಷಣದ ಮಧ್ಯೆ ಏಳ್ಲಿಕ್ಕೆ ಆಗ್ತದಾ? ಮಗುವಿನ ಕಾಲೇಜಿಗೆ ಅವಮರ್ಯಾದೆ" ಎಂದು ಅವರು ಸೆರಗು ಸರಿಮಾಡಿಕೊಂಡು ಇನ್ನೂ ನೆಟ್ಟಗೆ ಕೂತರು.

ಧನ್ಯವಾದ ಸಮರ್ಪಣೆ ಮುಗಿಯುವಾಗ ಬಟ್ಟೆ ಅಂಗಡಿಯ ನೆರಳು ರಸ್ತೆಯ ಅರ್ಧ ದಾಟಿತ್ತು. ಆಗ ಬಾವುಟ ಬೀಸಿದರು. ಜನ ಕಿವಿಗೆ ಕೈಯಿಟ್ಟು ಕಾದರು. ಏನೂ ಕೇಳಿಸಲಿಲ್ಲ.

"ಯಾವಾಗ ಶುರು ಮಾಡ್ತಾರೆ?" ಎಂದು ದೊಡ್ಡಮ್ಮ ಕೇಳುವಾಗ ಕಾರುಗಳು ಎರಡನೇ ಸುತ್ತಿನಲ್ಲಿದ್ದವು.

ಅಷ್ಟು ಸಪ್ಪೆ ರೇಸು ನಮ್ಮೂರಿನವರು ನೋಡಿರಲಿಲ್ಲ. ಹೊಲಿಗೆ ಯಂತ್ರದಷ್ಟು ಸದ್ದೂ ಇಲ್ಲ. "ಇದು ರೇಸಾ, ಧ್ಯಾನವಾ ಮಾರಾಯ?" ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. ಕೊನೆಗೆ ತಡೆಯಲಾರದೆ ಜನರೇ ಬಾಯಲ್ಲಿ ಸದ್ದು ಮಾಡತೊಡಗಿದರು. ಕಾರು ಬಂದಾಗ ಇಡೀ ಶಾಮಿಯಾನ "ಡುರ್ರ್ ರ್" ಎನ್ನುವುದು, ತಿರುವಿನಲ್ಲಿ "ಕ್ರೀಂಯ್" ಎನ್ನುವುದು. ನಿವೃತ್ತ ಮುಖ್ಯೋಪಾಧ್ಯಾಯರಂತೆ ಕಾಣುತ್ತಿದ್ದ ಒಬ್ಬರು ಗಂಭೀರವಾಗಿ ಗೇರು ಬದಲಿಸುವ ಸದ್ದನ್ನೂ ಮಾಡುತ್ತಿದ್ದರು. ನಮ್ಮ ಹಳದಿ ಕಪಾಟು ಮೂರನೆಯದಾಗಿ ಓಡುತ್ತಿತ್ತು, ಆಮೇಲೆ ಎರಡನೆಯದಾಯಿತು. ನಾನು ಕುರ್ಚಿಯ ಮೇಲೆ ಹತ್ತಿ "ಡುರ್ರ್" ಎಂದು ಕಿರುಚಿದೆ. ಮಾಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

ಕೆಳಗಿಳಿದು ನೋಡಿದರೆ ದೊಡ್ಡಮ್ಮ ಕಾರು ನೋಡುತ್ತಿರಲಿಲ್ಲ. ಬಸದಿಯ ಕಡೆಯ ತೆಂಗಿನ ಮರಗಳ ತಲೆಗಿಳಿದ ಸೂರ್ಯನನ್ನು ನೋಡುತ್ತಿದ್ದರು.

ತಡೆಬೇಲಿಯ ಹತ್ತಿರ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ನಿಂತಿದ್ದರು. ಉತ್ತರ ಕರ್ನಾಟಕದ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾನು ಮನೆಯನ್ನು ತೋರಿಸಿ, ದೊಡ್ಡಮ್ಮನ ವ್ರತ ವಿವರಿಸಿ, ಒಂದು ನಿಮಿಷ ಬಿಡಿ ಎಂದು ಬೇಡಿದೆ.

"ನನಗೂ ಅರ್ಥ ಆಗತೈತ್ರಿ ಅಕ್ಕಾರ" ಎಂದರು ಅವರು. "ಪೆಟ್ರೋಲ್ ಗಾಡಿ ಆಗಿದ್ರ ಸಪ್ಪಳ ಕೇಳಿ ನಾನಽ ಕೈ ಹಿಡಿದು ದಾಟಸ್ತಿದ್ದೆ. ಇವು ಬೆಕ್ಕಿನಂಗ ಬರ್ತಾವ. ಹೆಂಗ ಬಿಡ್ಲಿ?"

ಆ ಅತಿಥಿಗಳು ಅಷ್ಟು ಹೊತ್ತು ಹೊಗಳಿದ ನಿಶ್ಶಬ್ದದ ಬೆಲೆ ನನಗೆ ಆಗ ತಿಳಿಯಿತು.

ಈ ಬದಿಯಲ್ಲೇ ಏನಾದರೂ ತಿನ್ನಿಸುವ ಎಂದು ಹುಡುಕಿದೆ. ರೇಸಿಗೆಂದು ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಇದ್ದದ್ದು ಗೋಬಿ ಮಂಚೂರಿಯ ಒಂದು ಗಾಡಿ, ಚರುಮುರಿಯ ಇನ್ನೊಂದು. ದೊಡ್ಡಮ್ಮ ನೀರುಳ್ಳಿ ಮುಟ್ಟುವವರಲ್ಲ, ಅದು ಹಾಕದ ಚರುಮುರಿ ಕೇಳಿದೆ. ಗಾಡಿಯವರು ಕೊಟ್ಟರು, ಆದರೆ ನೀರುಳ್ಳಿ ಕೊಯ್ದ ಕತ್ತಿಯಲ್ಲೇ ಟೊಮೆಟೊ ಕೊಯ್ದರು. ಅದನ್ನು ದೊಡ್ಡಮ್ಮ ಅಲ್ಲಿಂದಲೇ ನೋಡಿದರು. ಪೊರೆ ತೆಗೆಸಿದ ಕಣ್ಣು, ಏನು ಮಾಡುವುದು! ಚರುಮುರಿ ನಾನು ತಿಂದೆ.

"ನಾನು ಒಂದು ದಿನ ಉಪವಾಸ ಇದ್ದರೆ ಎಂತ ಆಗ್ತದೆ? ಎಂತದೂ ಇಲ್ಲ" ಎಂದರು ದೊಡ್ಡಮ್ಮ. ಆಮೇಲೆ ತಗ್ಗಿದ ದನಿಯಲ್ಲಿ, "ಅವರು ತಿನ್ನುವುದಿಲ್ಲ ಮಗ. ನಾನು ಹೋಗದೆ ಮಾತ್ರೆಯೂ ತಕ್ಕೊಳ್ಳುವುದಿಲ್ಲ. ಮೊನ್ನೆ ಒಂದು ಹೊತ್ತು ತಪ್ಪಿದ್ದಕ್ಕೆ ಅಂಗಳದಲ್ಲಿ ಕುಸಿದು ಕೂತಿದ್ದರು" ಎಂದರು.

ನನಗೆ ಆವರೆಗೆ ಬರುತ್ತಿದ್ದ ನಗು ನಿಂತಿತು.

ರಸ್ತೆಯ ಆಚೆ ಗೇಟಿನಲ್ಲಿ ದೊಡ್ಡಪ್ಪ ನಿಂತಿದ್ದರು. ನಾನು ಎರಡು ಕೈ ಬಾಯಿಗಿಟ್ಟು ಕೂಗಿದೆ, "ದೊಡ್ಡಪ್ಪಾ, ನೀವು ಊಟ ಮಾಡಿ! ನಮಗೆ ಬರ್ಲಿಕ್ಕೆ ಆಗುವುದಿಲ್ಲ!" ಅವರು ತಲೆಯಾಡಿಸಿ ಒಳಗೆ ಹೋದರು. ಅಬ್ಬ, ಒಪ್ಪಿದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಒಂದು ಕೈಯಲ್ಲಿ ಕ್ಯಾರಿಯರು, ಇನ್ನೊಂದು ಕೈಯಲ್ಲಿ ದೋಟಿ.

ದೋಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಹಿಂದೆಲ್ಲ ದೋಟಿ ಎಂದರೆ ಮಾವಿನಕಾಯಿ ಕೊಯ್ಯುವ ಬಿದಿರ ಕೋಲು. ಈಗ ನಮ್ಮ ಕಡೆ ಬಂದಿರುವುದು ಕಾರ್ಬನ್ ಫೈಬರಿನ ದೋಟಿ. ಒಂದರೊಳಗೊಂದು ಕೂತ ಕೊಳವೆಗಳನ್ನು ಎಳೆಯುತ್ತಾ ಹೋದರೆ ಅಡಿಕೆ ಮರದ ತಲೆ ಮುಟ್ಟುತ್ತದೆ. ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು. ದೊಡ್ಡಪ್ಪನ ಮನೆಯ ಹಿಂದೆ ಇರುವುದು ನಾಲ್ಕೇ ನಾಲ್ಕು ಅಡಿಕೆ ಮರ. ಅವಕ್ಕೆ ಈ ದೋಟಿ ಮೂಗಿಗಿಂತ ಮೂಗುತಿ ಭಾರ ಎಂದು ದೊಡ್ಡಮ್ಮ ಬೈದಿದ್ದರು. ಕಣ್ಣಿಗೆ ಗೊನೆಯೇ ಕಾಣದ್ದರಿಂದ ದೊಡ್ಡಪ್ಪ ಅದರಲ್ಲಿ ಆವರೆಗೆ ಇಳಿಸಿದ್ದು ತೆಂಗಿನ ಮರಕ್ಕೆ ಸಿಕ್ಕಿದ್ದ ಒಂದು ಗಾಳಿಪಟ ಮಾತ್ರ.

ಆ ದೋಟಿಯ ತುದಿಯ ಕೊಕ್ಕೆಗೆ ಅವರು ಕ್ಯಾರಿಯರು ಸಿಕ್ಕಿಸಿದರು. ಕಾಂಪೌಂಡಿನ ಗೋಡೆಯ ಮೇಲೆ ದೋಟಿಯನ್ನು ಊರಿ, ಒಂದೊಂದೇ ಕೊಳವೆ ಎಳೆಯುತ್ತಾ ರಸ್ತೆಯ ಮೇಲಿಂದ ನಮ್ಮ ಕಡೆಗೆ ದೂಡತೊಡಗಿದರು. ಹೆಂಡತಿ ಆಚೆ ದಡದಲ್ಲಿ ಹಸಿದಿದ್ದಾಳೆ, ದೋಟಿ ಕೈಯಲ್ಲಿದೆ, ಇಷ್ಟು ಸುಲಭ ಎಂದು ಅವರ ಯೋಚನೆ. ಯೋಚನೆಯಲ್ಲಿ ತಪ್ಪಿರಲಿಲ್ಲ. ದೋಟಿ ಮರದಂತೆ ನೆಟ್ಟಗೆ ಹಿಡಿಯಲು ಮಾಡಿದ್ದು, ಅಡ್ಡ ಹಿಡಿದರೆ ಬಾಗುತ್ತದೆ ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ನಮ್ಮ ಹತ್ತಿರ ಬರುತ್ತಾ ಬರುತ್ತಾ ಕ್ಯಾರಿಯರು ಇಳಿಯಿತು. ಕೊನೆಗೆ ರೇಸು ರಸ್ತೆಯ ಸರಿ ನಡುವೆ, ಕಾರು ಓಡಿಸುವವರ ಮೂಗಿನ ಎತ್ತರಕ್ಕೆ, ತೊಟ್ಟಿಲಿನಂತೆ ತೂಗತೊಡಗಿತು.

"ಏಯ್ ಅಜ್ಜಾರ! ತಗೀರಿ ಅದನ್ನ!" ಎಂದು ಕಾನ್‌ಸ್ಟೇಬಲ್ ಸೀಟಿ ಊದಿದರು. ಸೀಟಿ ಕೇಳಿ ದೊಡ್ಡಪ್ಪನಿಗೆ ಹುರುಪು ಬಂತು, ಇನ್ನಷ್ಟು ದೂಡಿದರು. ದೊಡ್ಡಮ್ಮ ತಡೆಬೇಲಿಗೆ ಬಾಗಿ ಕೈ ಚಾಚಿದರು. ಬೆರಳು ತಾಗಲು ಇನ್ನು ಸ್ವಲ್ಪವೇ ಬಾಕಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಅಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಆಗ ತಿರುವಿನಿಂದ ಹಳದಿ ಕಪಾಟು ಬಂತು. ಅದು ಮುಂದೆ ಬಂದಿತ್ತು! ಎಲ್ಲ ಕಾರುಗಳಿಗಿಂತ ಮುಂದೆ, ಮೊದಲನೆಯದಾಗಿ. ಮೈಕಿನವರು "ನಮ್ಮೂರಿನ ಹುಡುಗಿ, ನಮ್ಮೂರಿನ ಹುಡುಗಿ" ಎಂದು ಕುಣಿಯುತ್ತಿದ್ದರು. ಗೋಡೆಯ ಬದಿಯಲ್ಲಿ ದೋಟಿಯ ಅಡಿಯಿಂದ ನುಸುಳಿ ಹೋಗಲು ಜಾಗ ಬೇಕಾದಷ್ಟಿತ್ತು, ಯಾರು ಬೇಕಾದರೂ ಹೋಗುತ್ತಿದ್ದರು. ಅವಳು ಹೋಗಲಿಲ್ಲ. ಕಾರು ಉಜ್ಜಿಕೊಂಡು ಬಂದು ಕ್ಯಾರಿಯರಿನ ಎದುರು ನಿಂತಿತು. ಈ ಸಲ ನಿಜವಾಗಿಯೂ "ಕ್ರೀಂಯ್" ಎಂದು ಸದ್ದಾಯಿತು.

ಹಳದಿ ಬಾವುಟ ಬೀಸಿದರು. ಉಳಿದ ಕಾರುಗಳು ನಿಧಾನಿಸಿ ಬದಿಯಿಂದ ಸಾಲಾಗಿ ದಾಟಿ ಹೋದವು. ಅವಳು ಹೆಲ್ಮೆಟ್ ಹಾಕಿಕೊಂಡೇ ಎದ್ದು, ಕೊಕ್ಕೆಯಿಂದ ಕ್ಯಾರಿಯರು ಬಿಡಿಸಿ, ತಡೆಬೇಲಿಯ ಮೇಲಿಂದ ಅಜ್ಜಿಯ ಕೈಗೆ ಕೊಟ್ಟು, "ಬೇಗ ಊಟ ಮಾಡಿ" ಎಂದು ಓಡಿ ಹೋಗಿ ಕಾರಿನಲ್ಲಿ ಕೂತಳು. ಕಾರು ಹೊರಡಲಿಲ್ಲ. ಗಾಬರಿಯಲ್ಲಿ ಬ್ರೇಕಿನ ಜೊತೆಗೆ ಕರೆಂಟು ಕಡಿಯುವ ಕೆಂಪು ಗುಂಡಿಯನ್ನೂ ಒತ್ತಿಬಿಟ್ಟಿದ್ದಳು. ಅದನ್ನು ಒತ್ತಿದ ಕಾರು ರೇಸಿನಿಂದ ಹೊರಗೆ, ಅದು ನಿಯಮ.

ನಿಯಮದ ಮನೆಯಲ್ಲಿ ಬೆಳೆದ ಹುಡುಗಿ. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಇತ್ತ ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಕ್ಯಾರಿಯರು ಬಿಚ್ಚಿದರು. ಬೆಳಕು ಇನ್ನೂ ಇತ್ತು. ಮೇಲಿನ ಡಬ್ಬಿಯಲ್ಲಿ ತೊಂಡೆಕಾಯಿ ಪಲ್ಯ, ನಡುವಿನದರಲ್ಲಿ ಗಂಜಿ, ಕೆಳಗಿನದರಲ್ಲೂ ಗಂಜಿ. ಅವರು ಹಾಗೆಯೇ ಮುಚ್ಚಿದರು.

"ಎಂತಾಯ್ತು? ಉಣ್ಣಿ ದೊಡ್ಡಮ್ಮ!" ಎಂದು ನಾನು ರೇಗಿದೆ. "ಅವಳು ರೇಸು ಬಿಟ್ಟು ತಂದುಕೊಟ್ಟದ್ದು!"

"ಇದರಲ್ಲಿ ಅವರ ಪಾಲೂ ಉಂಟು. ಪಾತ್ರೆ ಬಳಿದು ಹಾಕಿದ್ದಾರೆ. ಮನೆಯಲ್ಲಿ ಅವರಿಗೆ ಎಂತದೂ ಇಲ್ಲ."

ಇಬ್ಬರನ್ನೂ ಹಿಡಿದು ತಲೆಗೆ ತಲೆ ಕುಟ್ಟಬೇಕು ಎನಿಸಿತು. ಅಷ್ಟರಲ್ಲಿ ಕಾನ್‌ಸ್ಟೇಬಲ್, "ಗಾಡಿ ಒಳಗ ದಬ್ರಿ! ಗಾಡಿ ದಬ್ಬೋರು ಮಾತ್ರ ಟ್ರ್ಯಾಕಿಗೆ ಇಳೀರಿ!" ಎಂದು ಕೂಗಿದರು. ಕೆಟ್ಟ ಕಾರನ್ನು ತೆಗೆದಿಡಲು ಹತ್ತಿರ ಇದ್ದ ಜಾಗ ನಮ್ಮ ಮನೆಯ ಅಂಗಳವೊಂದೇ. ಮೊಮ್ಮಗಳು ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ಏನೋ ಹೊಳೆಯಿತು.

"ಅಜ್ಜಿ, ಬನ್ನಿ. ತಳ್ಳುವ."

ಕಾನ್‌ಸ್ಟೇಬಲ್ ಆಚೆ ತಿರುಗಿದರು. ಎಪ್ಪತ್ತು ದಾಟಿದ ಹೆಂಗಸು ಗಾಡಿ ತಳ್ಳಬಾರದೆಂದು ಅವರ ಆರ್ಡರಿನಲ್ಲಿ ಇರಲಿಲ್ಲವೇನೋ. ಸೂರ್ಯನನ್ನು ನೋಡುತ್ತಾ ನಿಂತರು. ಕ್ಯಾರಿಯರನ್ನು ಓಡಿಸುವ ಸೀಟಿನಲ್ಲಿ ಇಟ್ಟು, ನಾವು ಮೂವರು ಹಿಂದಿನಿಂದ ತಳ್ಳಿದೆವು. ಶಾಮಿಯಾನದವರು "ಡುರ್ರ್ ರ್" ಎಂದು ಸದ್ದು ಮಾಡಿ ನಮ್ಮನ್ನು ಆಚೆ ದಾಟಿಸಿದರು. ಗೇಟಿನ ಹತ್ತಿರದ ಏರಿನಲ್ಲಿ ಕಪಾಟು ಹಿಂದೆ ಜಾರಿತು, ಮತ್ತೆ ತಳ್ಳಿದೆವು, ಮತ್ತೆ ಜಾರಿತು. ಕೊನೆಗೆ ದೊಡ್ಡಪ್ಪ ದೋಟಿ ಬಿಟ್ಟು ಬಂದು ಕೈ ಹಾಕಿದರು. ಅಂಗಳ ಮುಟ್ಟುವಾಗ ನಾಲ್ವರಿಗೂ ಏದುಸಿರು, ತೆಂಗಿನ ಮರಗಳ ಹಿಂದೆ ಸೂರ್ಯ ಇರಲಿಲ್ಲ.

ಅಡುಗೆಮನೆಯ ನೆಲದಲ್ಲಿ ತಟ್ಟೆ ಹಾಕಿದೆ. ಕಿಟಕಿಯಲ್ಲಿ ಒಂದಿಷ್ಟು ಬೂದು ಬೆಳಕು ಮಾತ್ರ ಇತ್ತು. ದೊಡ್ಡಮ್ಮ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು, "ನಿನಗೆ ಬದಿಯಿಂದ ಹೋಗ್ಲಿಕ್ಕೆ ಜಾಗ ಇತ್ತಲ್ಲ. ಯಾಕೆ ನಿಲ್ಲಿಸಿದ್ದು?"

"ಗೊತ್ತಿಲ್ಲ ಅಜ್ಜಿ. ಕ್ಯಾರಿಯರು ಕಂಡ ಕೂಡಲೇ ಕಾಲು ಬ್ರೇಕಿಗೆ ಹೋಯ್ತು."

ಆ ಕ್ಯಾರಿಯರಿನ ಮೇಲಿನ ಡಬ್ಬಿಯನ್ನೇ ಅವಳು ಹನ್ನೆರಡನೇ ಕ್ಲಾಸಿನವರೆಗೂ ಶಾಲೆಗೆ ಒಯ್ಯುತ್ತಿದ್ದದ್ದು, ಅಥವಾ ಒಯ್ಯಲು ಮರೆಯುತ್ತಿದ್ದದ್ದು. ದಿನಾ ಬೆಳಿಗ್ಗೆ ಶಾಲೆಯ ವ್ಯಾನು ಹೊರಟ ಮೇಲೆ ದೊಡ್ಡಮ್ಮ ಅದನ್ನು ಎತ್ತಿ ಹಿಡಿದು ಗೇಟಿಗೆ ಓಡುವುದು, ವ್ಯಾನಿನೊಳಗಿಂದ ಅವಳು "ನಿಲ್ಲಿಸಿ ನಿಲ್ಲಿಸಿ" ಎಂದು ಕಿರುಚುವುದು. ನಾನು ಎಷ್ಟು ಸಲ ನೋಡಿದ್ದೇನೆ. ನನಗೆ ಅಳು ಬಂತು, ಚರುಮುರಿಯ ಖಾರ ಎಂದೆ.

ದೊಡ್ಡಮ್ಮ ಅಂಗೈ ಬಿಡಿಸಿದರು. ಕಿಟಕಿಯ ಕಡೆ ತಿರುಗಿಸಿದರು. ಹತ್ತಿರ ತಂದರು, ದೂರ ಹಿಡಿದರು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮೊಮ್ಮಗಳು ಅವರ ಮುಖ ನೋಡುತ್ತಿದ್ದಳು. ಅಜ್ಜಿ ಈಗ ಉಣ್ಣದಿದ್ದರೆ ಅವಳು ಯಾವುದಕ್ಕಾಗಿ ನಿಂತಳು?

ಆಗ ದೊಡ್ಡಪ್ಪ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಗಟ್ಟಿಯಾಗಿ ಹೇಳಿದರು, "ನನಗೆ ಕಾಣ್ತದೆ. ಎಲ್ಲ ಗೆರೆಯೂ ಕಾಣ್ತದೆ."

ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ದೊಡ್ಡಮ್ಮ ಅವರ ಕಡೆ ನೋಡಿದರು. ಆಮೇಲೆ ಕೈ ಮಡಚಿ, ಗಂಜಿಯ ಡಬ್ಬಿ ಎಳೆದುಕೊಂಡು, "ಹೌದು. ನನಗೂ ಕಾಣ್ತದೆ" ಎಂದು ಮೊದಲು ಅವರ ತಟ್ಟೆಗೆ, ಆಮೇಲೆ ಮೊಮ್ಮಗಳ ತಟ್ಟೆಗೆ, ಕೊನೆಗೆ ತಮ್ಮ ತಟ್ಟೆಗೆ ಬಡಿಸಿದರು. ನನ್ನ ಅಂಗೈಯನ್ನು ನಾನು ನೋಡಿಕೊಳ್ಳಲು ಹೋಗಲಿಲ್ಲ.

ಎಲ್ಲರೂ ಉಂಡೆವು. ಪಲ್ಯ ಎಲ್ಲಿದೆ ಎಂದು ತಡಕಿದ ನನ್ನ ಕೈ ದೊಡ್ಡಪ್ಪನ ಗಂಜಿಗೆ ಬಿತ್ತು. ಅವರು ಮಾತ್ರೆ ಎಂದು ಬಾಯಿಗಿಟ್ಟದ್ದು ತೊಂಡೆಕಾಯಿಯ ತುಂಡು. ಮೊಮ್ಮಗಳು ನಗು ತಡೆಯಲಾರದೆ, "ಅಜ್ಜಿ, ಲೈಟ್ ಹಾಕ್ಲಾ?" ಎಂದು ಕೇಳಿದಳು.

"ಹಗಲಲ್ಲಿ ಲೈಟ್ ಯಾಕೆ ಮಾರಾಯ್ತಿ?" ಎಂದರು ದೊಡ್ಡಮ್ಮ. "ಸುಮ್ಮನೆ ಕರೆಂಟು ದಂಡ."